ನಾಲ್ವರು ದುಷ್ಟರು ಹುಟ್ಟಿದ ಬಗೆ

ಭೂಲೋಕದ ಮೇಲೆ ದಂಡೆತ್ತಿ ಬಂದ ಅನ್ಯಗ್ರಹದ ದುಷ್ಟರು ಮೊಟ್ಟಮೊದಲು ಎಲ್ಲಿ ಇಳಿದರು ಎಂದು ಯಾರಾದರೂ ಚರ್ಚೆ ಹೂಡಿದರೆ ನಾನು ಅದಕ್ಕೆ ಅವಕಾಶವನ್ನೇ ಕೊಡುವುದಿಲ್ಲ. ಇಳಿದದ್ದು ಕಂಪ್ಲಿಯಲ್ಲಿ, ಅಕ್ಕಿ ಗಿರಣಿಯ ಅಂಗಳದಲ್ಲಿ, ಮಧ್ಯಾಹ್ನದ ಊಟವಾದ ಮೇಲೆ. ಕರೆತಂದವನು ನನ್ನ ಸೋದರಮಾವ. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀ ಎನ್ನುತ್ತೀರಾ? ಆ ದುಷ್ಟರಲ್ಲಿ ಮೂರನೆಯವನು ನಾನೇ!

ಮಾವ ಹೊಸಪೇಟೆ ಸ್ಟೇಷನ್ನಿನಲ್ಲಿ, ಸಂಡೂರಿನ ಗುಡ್ಡಗಳಿಂದ ಬಂದ ಅದಿರನ್ನು ತೂಗಿ ವ್ಯಾಗನ್ನಿಗೆ ಹಾಕಿಸುವ ಕೆಲಸದಲ್ಲಿದ್ದ. ಸಂಜೆ ಮನೆಗೆ ಬರುವಾಗ ಅಂಗಿ, ಧೋತರ, ಮೀಸೆ ಎಲ್ಲವೂ ಕೆಂಪು. ಅತ್ತೆ ಅವನನ್ನು ಬಾವಿಕಟ್ಟೆಯ ಮೇಲೆ ನಿಲ್ಲಿಸಿ, ತಲೆಯ ಮೇಲೆ ನೀರು ಸುರಿದು, ಒಳಗಿರುವುದು ತನ್ನ ಗಂಡನೇ ಹೌದೆಂದು ಖಾತ್ರಿಯಾದ ಮೇಲೆ ಬಾಗಿಲು ಬಿಡುತ್ತಿದ್ದಳು. ಗುಡ್ಡ ನೋಡಲು ಬಂದಿದ್ದ ಒಬ್ಬ ಬಿಳಿ ದೊರೆ, ಅಂಗಾರಕ, ಎಂದರೆ ಮಂಗಳ ಗ್ರಹವೂ ಹೀಗೆಯೇ ಕಬ್ಬಿಣದ ತುಕ್ಕಿನಿಂದ ಕೆಂಪಗಿರಬೇಕು ಎಂದು ಬಾಯಿ ಜಾರಿ ಹೇಳಿಬಿಟ್ಟ. ದೊರೆ ಬಿಸಿಲು ತಾಳದೆ ಮರುದಿನವೇ ಮದ್ರಾಸಿನ ಕಡೆಗೆ ಹೊರಟುಹೋದ. ಅವನ ಮಾತು ಮಾತ್ರ ಮಾವನ ತಲೆಯಲ್ಲಿ ಬಿಡಾರ ಹೂಡಿತು.

"ಸಂಡೂರೂ ಕೆಂಪು, ಅಂಗಾರಕನೂ ಕೆಂಪು. ಅಂದಮ್ಯಾಲೆ ಅಲ್ಲಿಯವರು ನಮಗ ಬೀಗರಾಗಬೇಕಲ್ಲೋ?"

ಬೀಗರೆಂದ ಮೇಲೆ ಜಗಳಕ್ಕೆ ಬಂದೇ ಬರುತ್ತಾರೆ, ಅಲ್ಲವೆ? ದುಷ್ಟರ ಬೀಜ ಬಿದ್ದದ್ದು ಅಲ್ಲಿ.

ಮಾವನ ಇನ್ನೊಂದು ವಿಚಿತ್ರವನ್ನೂ ಹೇಳಿಬಿಡಬೇಕು. ರಜೆ ಸಿಕ್ಕರೆ ಹಂಪಿಗೆ ಹೋಗುತ್ತಿದ್ದ. ದೇವರು, ಗುಡಿ, ಹಾಳುಬಿದ್ದ ಅರಮನೆ ಯಾವುದರ ಗೊಡವೆಯೂ ಇಲ್ಲ. ಹೊಳೆಯ ದಂಡೆಯ ಬಂಡೆಯೊಂದರ ಮೇಲೆ ಕೂತು, ಮಂದಿಯನ್ನು ದಾಟಿಸುವ ಹರಿಗೋಲುಗಳು ಗಿರಗಿರನೆ ತಿರುಗುವುದನ್ನು ಕಣ್ಣು ಅರೆಮುಚ್ಚಿ ನೋಡುತ್ತಿದ್ದ. ಆದರೆ ಸ್ವತಃ ಹರಿಗೋಲಿಗೆ ಕಾಲಿಟ್ಟವನಲ್ಲ. ಕೇಳಿದರೆ "ತಲಿ ತಿರಗತದ" ಎನ್ನುವನು. ಒಮ್ಮೆ ಆನೆಗೊಂದಿಯಲ್ಲಿ ಮದುವೆ. ನಾವೆಲ್ಲ ಹರಿಗೋಲಿನಲ್ಲಿ ಆಚೆ ದಂಡೆ ಸೇರಿದೆವು. ಮಾವ ಹೊಸಪೇಟೆಗೆ ಹಿಂದಿರುಗಿ, ರೈಲು ಹತ್ತಿ, ಸೇತುವೆಯ ಮೇಲೆ ಹೊಳೆ ದಾಟಿ, ಅಲ್ಲಿಂದ ಎತ್ತಿನ ಗಾಡಿ ಹಿಡಿದು ಬಂದ. ಅವನು ಬರುವ ಹೊತ್ತಿಗೆ ವಧೂವರರಿಗೆ ಮೊದಲನೆಯ ಜಗಳವೂ ಆಗಿಹೋಗಿತ್ತು!

ಒಂದು ಸಂಜೆ ನಾನೂ ಅವನ ಜೊತೆ ಆ ಬಂಡೆಯ ಮೇಲಿದ್ದೆ. ಹೊಳೆಯ ಮೇಲೆ ಬೆಳಕು ಜೇನಿನಂತೆ ದಟ್ಟವಾಗಿ ಹರಡಿತ್ತು. ದಿನದ ಕೆಲಸ ಮುಗಿಸಿದ ಅಂಬಿಗರು ಹರಿಗೋಲುಗಳನ್ನು ತಲೆಯ ಮೇಲೆ ಬೋರಲು ಹೊತ್ತುಕೊಂಡು ದಂಡೆ ಹತ್ತಿ ಬಂದರು. ಮುಳುಗುವ ಸೂರ್ಯನಿಗೆ ಅಡ್ಡವಾಗಿ, ಮುಖವಿಲ್ಲದ ನಾಲ್ಕು ದುಂಡನೆಯ ಕರಿ ದೇಹಗಳು, ಕೆಳಗೆ ಎರಡೆರಡು ಕಾಲು. ಮಾವ ನನ್ನ ಮೊಣಕೈ ಹಿಡಿದು "ಬಂದ್ರು ನೋಡು" ಎಂದ. ಬಂದವರಲ್ಲೊಬ್ಬ ಹರಿಗೋಲಿನ ಒಳಗಿನಿಂದ ಬೀಡಿಗೆ ಬೆಂಕಿ ಕೇಳಿದ. ಆದರೇನು, ದುಷ್ಟರು ಹುಟ್ಟಿಯಾಗಿತ್ತು.

ಮಾವ ಕೂಡಲೇ ಬಯಲಾಟ ಕಟ್ಟಲು ಕೂತ. ತುಂಗಭದ್ರೆಯನ್ನು ಕುಡಿದು ಬತ್ತಿಸಲು ಅಂಗಾರಕನಿಂದ ಬಂದ ನಾಲ್ವರು ದುಷ್ಟರ ಕಥೆ. ಕೆಲವು ವರ್ಷ ಅವನ ಸಂಜೆಗಳೆಲ್ಲ ಅದರಲ್ಲೇ ಕರಗಿದವು. ಮೊದಲನೆಯ ದುಷ್ಟನಿಗೆ ಮಾತು, ಎರಡನೆಯವನಿಗೆ ಹಾಡುವ ಪದ, ನಾಲ್ಕನೆಯವನಿಗೆ ಕುಣಿತ. ನನ್ನ ಪಾಲಿಗೆ ಬಂದದ್ದು ಅಟ್ಟಹಾಸ. ಎಲ್ಲರ ತಲೆಯ ಮೇಲೂ ಡಾಂಬರು ಬಳಿದ ಬಿದಿರಿನ ಬುಟ್ಟಿ ಬೋರಲು.

ಆಟಕ್ಕೆ ರಂಗ ಹಾಕಿಸಿಕೊಡಬೇಕಾದವರು ಕಂಪ್ಲಿಯ ಅಕ್ಕಿ ಗಿರಣಿಯ ಸಾಹುಕಾರರು. ಅವರು ಮೊದಲಿಗೇ ಎಡವಿದ್ದು ಸಂಖ್ಯೆಯ ಮೇಲೆ.

"ಯಾವ ಆಟದಾಗೂ ರಾಕ್ಷಸ ಒಬ್ಬನ ಇರ್ತಾನ. ನಿನಗ ನಾಕು ಮಂದಿ ಯಾಕ ಬೇಕು? ಒಬ್ಬನ್ನ ಇಟ್ಕೊ, ಬೆಳಗಾಗೂದ್ರೊಳಗ ಕೊಂದು ಮಂಗಳ ಹಾಡು. ಇಲ್ಲಂದ್ರ ಆಟ ಬ್ಯಾಡ."

ಎಂದೂ ದನಿ ಎತ್ತದ ಮಾವ, "ನಾಕೂ ಮಂದಿ ಇರ್ತಾರ್ರಿ. ಇಲ್ಲಂದ್ರ ಯಾರೂ ಬ್ಯಾಡ" ಎಂದುಬಿಟ್ಟ. ಆ ಕೆಂಪು ಮುಖ ಬಿಳಿಚಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೊನೆಗೆ, ಒಂದು ತಾಲೀಮು ನೋಡಿ ತೀರ್ಮಾನಿಸೋಣ ಎಂದು ಸಾಹುಕಾರರು ಒಪ್ಪಿದರು.

ಹೀಗೆ ನಾವು ಗಿರಣಿಯ ಅಂಗಳದಲ್ಲಿ ಇಳಿದೆವು. ಒಂದು ಮೂಲೆಯಲ್ಲಿ ಹೆಂಗಸರು ಅಕ್ಕಿ ಕೇರುತ್ತಿದ್ದರು. ನನ್ನ ಅವ್ವ, ಅತ್ತೆ ನೆರಳಿನಲ್ಲಿ ಕೂತಿದ್ದರು. ಬಯಲಾಟದ ಕಟ್ಟಳೆ ನಿಮಗೆ ಗೊತ್ತಿರಬೇಕು: ದೇವರಾಗಲಿ ದೆವ್ವವಾಗಲಿ, ರಂಗಕ್ಕೆ ಬಂದವರನ್ನು ಸಾರಥಿ ತಡೆದು ವಿಚಾರಿಸುತ್ತಾನೆ. ಲೋಕ ಸುಡಲು ಬಂದವನೂ ಊರು, ತಂದೆ-ತಾಯಿ ಹೇಳಿಯೇ ಸುಡಬೇಕು.

"ತಾವು ಯಾರು? ಯಾವ ಪಟ್ಟಣ? ಯಾರ ಮಕ್ಕಳು?" ಎಂದ ಸಾರಥಿ.

ಮೊದಲನೆಯ ದುಷ್ಟ ಮಾವ ಬರೆದದ್ದನ್ನು ಹೇಳಿದ: "ಎಲೈ ಸಾರಥಿ, ನಾವು ಕೆಂಪು ಲೋಕದವರು. ಅಲ್ಲಿ ಹೊಳೆ ಬತ್ತಿತು. ತಾಯಿ ನಮ್ಮನ್ನು ಕಬ್ಬಿಣದ ಹರಿಗೋಲಿನಲ್ಲಿ ಕೂರಿಸಿ ಆಕಾಶಕ್ಕೆ ತಳ್ಳಿದಳು. ಹರಿಗೋಲು ತಿರುಗಿತು. ಒಂದು ಸುತ್ತಿಗೆ ತಾಯಿ ಕಂಡಳು, ಆಮೇಲೆ ಬರೀ ಕತ್ತಲೆ. ಮತ್ತೊಂದು ಸುತ್ತಿಗೆ ಚಿಕ್ಕದಾಗಿ ಕಂಡಳು, ಆಮೇಲೆ ಬರೀ ಕತ್ತಲೆ. ಮುಂದಿನ ಸುತ್ತಿಗೆ ದಂಡೆ ಇತ್ತು, ತಾಯಿ ಇರಲಿಲ್ಲ. ಅಂದಿನಿಂದ ನಾವು ದುಷ್ಟರಾದೆವು."

ಮೊರಗಳ ಸದ್ದು ನಿಂತುಹೋಯಿತು. ನನ್ನ ಅಟ್ಟಹಾಸದ ಸರದಿ. ಗಂಟಲಿನಿಂದ ಹೊರಟದ್ದು ಸಣ್ಣ ಕೆಮ್ಮು. ಒಬ್ಬ ಮುದುಕಿ ಎದ್ದು ಬಂದು, ಹೊಳೆಯನ್ನೇ ಕುಡಿಯಲು ಬಂದ ಮೊದಲನೆಯ ದುಷ್ಟನ ಮುಂದೆ ತಂಬಿಗೆ ಹಿಡಿದಳು. "ಮದ್ಲು ನೀರು ಕುಡೀಯಪ್ಪಾ. ಆಮ್ಯಾಲೆ ಸಿಟ್ಟು ಮಾಡುವಂತಿ." ಅವನು ಕುಡಿದ. ಸಾಹುಕಾರರು ಕಣ್ಣಿಗೆ ತೌಡು ಬಿತ್ತೆಂದು ಹೆಗಲ ಮೇಲಿನ ವಲ್ಲಿಯಿಂದ ಒರೆಸಿಕೊಂಡರು.

"ನಾಕೂ ಮಂದಿ ಇರಲಿ. ಕೊಲ್ಲೂದು ಬ್ಯಾಡ."

ಈ ತೀರ್ಪಿನಿಂದ ಕಂಗಾಲಾದವನು ನಾಯಕನ ಪಾತ್ರದ ಪೈಲ್ವಾನ. ಆಟಕ್ಕೆಂದೇ ಮೀಸೆಗೆ ತುಪ್ಪ ತಿನ್ನಿಸಿ ಬೆಳೆಸಿದ್ದ. "ಹಂಗಾದ್ರ ನಾ ಯಾರನ್ನ ಕೊಲ್ಲಲಿ?" ಎಂದು ಕೇಳಿದ. ಆಟದ ದಿನ ಅವನು ಕತ್ತಿ ಕೆಳಗಿಟ್ಟು, ನಾಲ್ವರಿಗೂ ಊಟಕ್ಕೆ ಬಡಿಸಿದ!

ತಾಲೀಮು ಮುಗಿಸಿ ಗಾಡಿಯಲ್ಲಿ ಮರಳುವಾಗ ಅವ್ವ ನನಗೆ ಮೆಲ್ಲಗೆ ಹೇಳಿದಳು. ಮಾವ ಅವಳ ಒಡಹುಟ್ಟಿದವನಲ್ಲ, ದೊಡ್ಡಮ್ಮನ ಮಗ. ಹೊಳೆಯಾಚೆಯ ಅವರ ಊರಿಗೆ ಪ್ಲೇಗು ಬಂದಾಗ, ಆಗಲೇ ಜ್ವರ ಹತ್ತಿದ್ದ ಆ ತಾಯಿ ಇನ್ನೂ ಚಿಕ್ಕವನಾಗಿದ್ದ ಮಗನನ್ನು ಒಬ್ಬನನ್ನೇ ಹರಿಗೋಲಿನಲ್ಲಿ ಕೂರಿಸಿ, ಕಂಪ್ಲಿಯಲ್ಲಿದ್ದ ತಂಗಿಯ ಮನೆಗೆ, ಎಂದರೆ ನಮ್ಮ ಅಜ್ಜಿಯ ಮನೆಗೆ, ಕಳಿಸಿದ್ದಳಂತೆ. ತಾನು ದಂಡೆಯ ಮೇಲೆಯೇ ನಿಂತಿದ್ದಳಂತೆ.

ಮುಂದಿನ ರಜೆಯಲ್ಲಿ ಅದೇ ಬಂಡೆಯ ಮೇಲೆ ಕೂತಿದ್ದಾಗ ಕೇಳಿದೆ, "ಮಾವ, ನಾಕು ಮಂದಿ ಯಾಕ?"

ನಡುಹೊಳೆಯಲ್ಲಿ ಹರಿಗೋಲೊಂದು ತಿರುಗುತ್ತಿತ್ತು. ಅದು ಒಂದು ಸುತ್ತು ಪೂರ್ತಿ ತಿರುಗಿ ಬರುವವರೆಗೂ ಅವನು ನೋಡುತ್ತಿದ್ದ.

"ಭಾಳ ದೂರ ಅದಲ್ಲೋ," ಎಂದ. "ಒಬ್ಬನ ಆದ್ರ ಅಂಜತಾನ."