ಆಷಾಢದ ಗಾಳಿಯನ್ನು ಸೊಸೆಗೆ ತೋರಿಸಲು ಅನುಮತಿ ಕೋರಿ

ಇಂದ,
ಲಿಂಗರಾಜು (ಮಗ),
ಜಗಲಿ, ನಾಲೆ ಪಕ್ಕದ ಮನೆ, ಹನಕೆರೆ.

ಗೆ,
ಶ್ರೀಮತಿ ಚಿಕ್ಕನಂಜಮ್ಮನವರು (ತಾಯಿ),
ಮಾಜಿ ಗ್ರಾಮ ಪಂಚಾಯಿತಿ ಸದಸ್ಯರು, ಹಾಲಿ ಮನೆ ಯಜಮಾನರು,
ಅಡುಗೆಮನೆ, ಅದೇ ವಿಳಾಸ.

ವಿಷಯ: ಮಾಳಿಗೆ ಮೇಲಿನ ಗಾಳಿಯಂತ್ರ ತಿರುಗುವುದನ್ನು ತಮ್ಮ ಸೊಸೆ ರಂಜಿತ ಆಷಾಢದಲ್ಲೇ ನೋಡಲು ಅನುಮತಿ ನೀಡುವ ಬಗ್ಗೆ.

ಉಲ್ಲೇಖ: ನಿನ್ನೆ ಮುದ್ದೆ ಬಡಿಸುವಾಗ ತಾವಿತ್ತ ಮೌಖಿಕ ಆದೇಶ: "ಬಾಯಲ್ ಯೋಳ್ಬ್ಯಾಡ ಕಣ್ಲಾ, ಬರ್ದು ಕೊಡು. ಆಮ್ಯಾಕ್ ನೋಡಾನ."

ಮಾನ್ಯರೇ,

೧. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂಬ ನಿಯಮ ಊರಿಗೆಲ್ಲ ಮದುವೆಯಾದ ಮೊದಲ ವರ್ಷಕ್ಕೆ ಮಾತ್ರ ಅನ್ವಯಿಸುತ್ತದೆ. ನಮ್ಮ ಮನೆಗೆ ಮಾತ್ರ ಮೂರು ವರ್ಷ. ಕಾರಣ ಕೇಳಲಾಗಿ, "ನಮ್ಮತ್ತೆ ನನ್ನ ಮೂರ್ ವರ್ಸ ಕಳ್ಸುದ್ಲು. ನಾನೇನ್ ಸತ್ತೋದ್ನಾ?" ಎಂದು ತಾವು ಉತ್ತರಿಸಿದ್ದೀರಿ. ಆದ್ದರಿಂದ ರಂಜಿತ ಈ ವರ್ಷವೂ ತವರಾದ ಕೊಕ್ಕರೆ ಬೆಳ್ಳೂರಿನಲ್ಲಿದ್ದಾರೆ.

೨. ಕರೆಂಟು ಹೋದಾಗ ಅವರ ಹೊಲಿಗೆ ಮಿಷನ್ನು ನಿಂತು, ಒಪ್ಪಿಕೊಂಡ ರವಿಕೆಗಳು ಅರ್ಧಕ್ಕೇ ಉಳಿಯುತ್ತಿದ್ದವು. "ನೀನು ಬರೋ ಹೊತ್ಗೆ ಮನೇಲೇ ಕರೆಂಟ್ ಮಾಡಿರ್ತೀನಿ" ಎಂದು ಹೋದ ಆಷಾಢದಲ್ಲಿ ಮಾತು ಕೊಟ್ಟ ಕಾರಣ, ಮದ್ದೂರಿನಲ್ಲಿ ಮೋಟಾರು ಕಟ್ಟುವ ಅಕ್ರಂ ಪಾಷಾ ಅವರನ್ನು ಕರೆತಂದೆನು. ಅವರ ವಿವರಣೆ: "ಮೋಟ್ರಿಗೆ ಕರೆಂಟ್ ಕೊಟ್ರೆ ತಿರುಗ್ತದೆ ಅಣ್ಣ, ಇದುನ್ನ ತಿರುಗ್ಸುದ್ರೆ ಕರೆಂಟ್ ಕೊಡ್ತದೆ. ಗಾಳಿ ರೆಕ್ಕೆ ತಳ್ತದೆ, ತಾಮ್ರದ್ ತಂತಿ ಮುಂದೆ ಆಯಸ್ಕಾಂತ ಸುತ್ತದೆ, ಕರೆಂಟು ಬ್ಯಾಟ್ರಿಗ್ ಇಳೀತದೆ. ಅಷ್ಟೇಯ." ಗಾಳಿ ಇಲ್ಲದಿದ್ದರೆ ಹೇಗೆಂದು ನಾನು ಕೇಳಲಿಲ್ಲ. ಆಷಾಢದಲ್ಲಿ ಆ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ.

೩. ಯಂತ್ರ ಭರ್ಜರಿಯಾಗಿ ತಿರುಗಿತು. ಕರೆಂಟು ಹೋದಾಗಲೂ ತಾವು ಸೀರಿಯಲ್ ನೋಡಿದಿರಿ. ಯೋಜನೆಯ ಏಕೈಕ ಫಲಾನುಭವಿ ತಾವೇ ಎಂಬುದನ್ನು ವಿನಯದಿಂದ ನೆನಪಿಸುತ್ತೇನೆ.

೪. ಶ್ರಾವಣದಲ್ಲಿ ರಂಜಿತ ಬಂದರು. ಗಾಳಿ ಬಿತ್ತು. ಬ್ಯಾಟರಿ ತುಂಬುವಷ್ಟು ಯಂತ್ರ ಈ ಆಷಾಢದವರೆಗೆ ತಿರುಗಲೇ ಇಲ್ಲ. "ನಮ್ಮೂರಲ್ಲಿ ಕೊಕ್ಕರೆಗೆ ಮರ ಅದೆ. ನಿಮ್ಮೂರಲ್ಲಿ ಕಾಗೆಗೆ ಫ್ಯಾನ್ ಆಕ್ಸಿದ್ದೀರಾ?" ಎಂದರು.

೫. ಅಂದಿನಿಂದ ನನ್ನ ಯಾವ ಮಾತೂ ಅವರ ಬಳಿ ಚಲಾವಣೆಯಲ್ಲಿಲ್ಲ. ಬಸ್ಸು ಹತ್ತಿದ್ದೇನೆ ಎಂದರೆ, "ಅದೂ ನಿಮ್ ಫ್ಯಾನ್ ತರಾನೇ ನಿಂತದಾ?" ಎನ್ನುತ್ತಾರೆ. ಈ ವರ್ಷ ವಿಡಿಯೋ ಕಳಿಸಲಾಗಿ ಬಂದ ಉತ್ತರ: "ಮೊಬೈಲಲ್ಲಿ ಎಲ್ಲಾ ತಿರುಗ್ತದೆ ಕಣ್ರೀ. ಕಣ್ಣಾರೆ ನೋಡಗಂಟ ನಿಮ್ಮ ಒಂದ್ ಮಾತೂ ನಂಬಕಿಲ್ಲ." ನೀನಿಲ್ಲದೆ ಮನೆ ಬಣಗುಟ್ಟುತ್ತಿದೆ ಎಂದು ನಾನು ಹೇಳಿದ್ದೂ ಆ ನಂಬದ ಪಟ್ಟಿಯಲ್ಲೇ ಸೇರಿಹೋಗಿದೆ.

೬. ಗಾಳಿಯನ್ನು ಶ್ರಾವಣಕ್ಕೆ ವರ್ಗಾಯಿಸುವುದು ನನ್ನ ವ್ಯಾಪ್ತಿಗೆ ಬರುವುದಿಲ್ಲ. ಆದಕಾರಣ, ಹೆಂಡತಿಯನ್ನೇ ಆಷಾಢಕ್ಕೆ ಕರೆಸುವುದು ಅನಿವಾರ್ಯ. ನಾಲೆ ಏರಿ ಮೇಲೆ ನಿಂತರೆ ಮಾಳಿಗೆ ಚೆನ್ನಾಗಿ ಕಾಣುತ್ತದೆ. ಏರಿಗೆ ಹೊಸ್ತಿಲಿಲ್ಲ.

೭. ತಮ್ಮ ಆದೇಶ ಬರುವುದರೊಳಗೆ ಗಾಳಿ ಬೀಳುವ ಸಂಭವ ಇದ್ದುದರಿಂದ, ಸದರಿ ರಂಜಿತ ಬೆಳಗಿನ ಬಸ್ಸಿಗೇ ಬಂದು, ಈ ಅರ್ಜಿ ಬರೆಯುವ ಹೊತ್ತಿಗೆ ಏರಿ ಮೇಲೆ ನಿಂತಿದ್ದಾರೆ. ಹತ್ತು ನಿಮಿಷ ಯಂತ್ರವನ್ನೇ ನೋಡಿದರು. ಆಮೇಲೆ, "ಹಂಗಾರೆ ಮನೆ ಬಣಗುಟ್ತದೆ ಅಂದಿದ್ದೂ ನಿಜವಾ?" ಎಂದು ಕೇಳಿದರು. ಹೌದೆಂದೆ. ನಂಬಿದಂತೆ ಕಂಡಿತು.

ಆದ್ದರಿಂದ ಈ ಭೇಟಿಗೆ ಘಟನೋತ್ತರ ಅನುಮೋದನೆ ನೀಡಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ, ಬೆಳಗಿನಿಂದ ತಮ್ಮ ಸೊಸೆಗೂ ಸ್ವಲ್ಪ ವಿಶ್ವಾಸಿ,
ಲಿಂಗರಾಜು

ಲಗತ್ತುಗಳು:
೧) ಗಾಳಿಯಂತ್ರ, ಒಂದು (ತಿರುಗುತ್ತಿದೆ).
೨) ಸೊಸೆ, ಒಬ್ಬರು (ಏರಿ ಮೇಲೆ, ಬಿಸಿಲಲ್ಲಿ).

ವಿ.ಸೂ.: ಲಗತ್ತು ೨ ಬೆಳಗಿನಿಂದ ಏನೂ ತಿಂದಿಲ್ಲ. ಅವರು ಒಳಗೆ ಬರುವಂತಿಲ್ಲ, ಸರಿ. ತಾವು ಹೊರಗೆ ಹೋಗಬಾರದೆಂದು ಯಾವ ಆದೇಶದಲ್ಲೂ ಇಲ್ಲವಾದ ಕಾರಣ, ಎರಡು ರೊಟ್ಟಿ, ಒಂದು ಲೋಟ ಕಾಫಿಯೊಂದಿಗೆ ತಾವೇ ಏರಿಗೆ ದಯಮಾಡಿಸಬೇಕಾಗಿ ವಿನಂತಿ.