ಟಿವಿಯಲ್ಲಿ ಒಣಹವೆ, ಗುಂಡ್ಲುಪೇಟೆಯಲ್ಲಿ ಮಳೆ

ಕೇಬಲ್ ಎಳೆಯುವವನ ಹತ್ತಿರ ಜನ ಯಾವುದಕ್ಕೆಲ್ಲ ಜಗಳಕ್ಕೆ ಬರುತ್ತಾರೆ ಅಂದರೆ ನೀವು ನಂಬುವುದಿಲ್ಲ. ಧಾರಾವಾಹಿಯಲ್ಲಿ ಅತ್ತೆ ಸೊಸೆಯ ಕೆನ್ನೆಗೆ ಹೊಡೆದರೆ ನನ್ನನ್ನು ಬೈದವರಿದ್ದಾರೆ. ಕ್ರಿಕೆಟ್‌ನಲ್ಲಿ ನಮ್ಮವರು ಸೋತರೆ ಅಂಗಡಿ ಮುಂದೆ ನಿಂತು ಮುಖ ತಿರುಗಿಸಿಕೊಂಡು ಹೋದವರಿದ್ದಾರೆ. ಅವೆಲ್ಲ ಅಪರೂಪಕ್ಕೆ ಬಿಡಿ. ಕಾಲಕಾಲಕ್ಕೆ ತಪ್ಪದೆ ಬರುತ್ತಿದ್ದ ಜಗಳ ಒಂದೇ, ಹವಾಮಾನ ವರದಿಯದು. ಟಿವಿಯಲ್ಲಿ ಮಳೆ ಅಂದ ದಿನ ನಮ್ಮಲ್ಲಿ ಬಿಸಿಲು ಕಾಯುತ್ತಿತ್ತು, ಒಣಹವೆ ಅಂದ ದಿನ ಮೋರಿ ಉಕ್ಕುತ್ತಿತ್ತು. ಎರಡಕ್ಕೂ ಹೊಣೆ ನಾನೇ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದ ಕಾಲ. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ ನಮ್ಮ ಕೇಬಲ್ ಅಂಗಡಿ, ಅದರ ಬೆನ್ನಿಗೇ ಮನೆ. ಮನೆಯಲ್ಲಿ ಅವ್ವ, ನಾನು, ನನ್ನ ತಂಗಿ. ನಾನು ಕಂಬ ಹತ್ತಲು ಹೋದಾಗ ಅಂಗಡಿಯಲ್ಲಿ ತಂಗಿ ಕೂರುತ್ತಿದ್ದಳು. ಬಂದವರಿಗೆ ಉತ್ತರ ಕೊಡುವ ಇಲಾಖೆ ಅವಳದು. "ಈ ಬಾಯ್ಗೆ ಗಂಡು ಎಲ್ಲಿ ಸಿಕ್ಕದಪ್ಪಾ" ಅನ್ನುವುದು ಅವ್ವನ ಕೊರಗು.

ಗಂಡೇನೋ ಸಿಕ್ಕಿದ್ದ. ಉಮ್ಮತ್ತೂರಿನ ಹುಡುಗ, ಚಾಮರಾಜನಗರದಲ್ಲಿ ಒಂದು ಸೊಸೈಟಿಯಲ್ಲಿ ಗುಮಾಸ್ತ. ನೆಂಟರ ಮದುವೆಯಲ್ಲಿ ಪಾಯಸ ಬಡಿಸುತ್ತಾ ಬಂದವನು ಇವಳ ಎಲೆಯ ಮುಂದೆ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತಿದ್ದನಂತೆ. ಅಷ್ಟಕ್ಕೇ ಇಬ್ಬರಿಗೂ ಮನಸ್ಸಾಗಿತ್ತು. ಇನ್ನು ಅವನ ಅಪ್ಪ ಅಮ್ಮ ಬಂದು ಹೆಣ್ಣು ನೋಡಿ ಹೂಂ ಅನ್ನುವುದೊಂದೇ ಬಾಕಿ. ಅದಕ್ಕೂ ಈ ಹವಾಮಾನ ವರದಿಯೇ ಅಡ್ಡ ಬಂತು. ಅದನ್ನು ಕೊನೆಗೆ ಹೇಳುತ್ತೇನೆ, ಮೊದಲು ಊರವರದು ಮುಗಿಯಲಿ.

ಮಳೆ ಕನೆಕ್ಷನ್

ಒಂದು ಬೆಳಿಗ್ಗೆ ಚೆಂಡುಹೂ ಬೆಳೆಯುವ ಗೌಡರೊಬ್ಬರು ಬಂದು ಬಾಡಿದ ಗಿಡವೊಂದನ್ನು ಬೇರು ಸಮೇತ ನನ್ನ ಮೇಜಿನ ಮೇಲೆ ಇಟ್ಟರು.

"ಇದ್ಯಾಕ್ ಹಿಂಗಾಯ್ತು, ಹೇಳ್ಲಾ."

"ನೀರಿಲ್ದೆ ಬಾಡೋಗದೆ, ಗೌಡ್ರೇ."

"ನೀರ್ ನಾನ್ಯಾಕ್ ಬುಡ್ಲಿಲ್ಲ? ನಿನ್ ಟಿವಿಲಿ ಮಳೆ ಬತ್ತದೆ ಅಂದ್ರು. ಅದ್ಕೆ ಮೋಟ್ರು ಆಕ್ದೆ ಸುಮ್ಕೆ ಕುಂತ್ಕಂಡೆ. ಎಲ್ಲಿ ಮಳೆ?"

ನಾನು ವೈರು ಎಳೆಯುವವನು, ಮಳೆ ನನ್ನ ಕೈಯಲ್ಲಿಲ್ಲ ಅಂತ ಎಷ್ಟು ಬಗೆಯಲ್ಲಿ ಹೇಳಿದರೂ ಅವರು ಒಪ್ಪಲಿಲ್ಲ. "ಸಿನಿಮಾ ನೀನೇ ಕೊಡ್ತೀಯ, ಹಾಡು ನೀನೇ ಕೊಡ್ತೀಯ, ಮಳೆ ಕೇಳುದ್ರೆ ಮಾತ್ರ ದೇವ್ರ ತಾವ್ ಓಗು ಅಂತೀಯ. ಇದ್ಯಾವ ನ್ಯಾಯ ಕಣ್ಲಾ?"

ತಂಗಿ ಒಳಗಿಂದ ಕಾಫಿ ತಂದು ಅವರ ಕೈಗೆ ಕೊಟ್ಟು ಹೇಳಿದಳು: "ಗೌಡ್ರೇ, ಮಳೆ ಚಾನೆಲ್ಲು ಇನ್ನೂ ನಮ್ಮೂರ್ಗೆ ಬಂದಿಲ್ಲ. ಬಂದ ದಿವ್ಸ ಮೊದಲ್ನೇ ವೈರು ನಿಮ್ಮ ಹೊಲಕ್ಕೇ ಎಳಿಸ್ತೀನಿ. ಈಗ ಓಗಿ ಮೋಟ್ರು ಆಕಿ, ಸಂಜೆಗೆ ಗಿಡ ತಲೆ ಎತ್ತುತ್ತದೆ."

ಗೌಡರ ಮುಖ ಸಡಿಲವಾಯಿತು. ಕಾಫಿ ಕುಡಿದು ಎದ್ದರು. ಬಾಗಿಲ ಹತ್ತಿರ ಹೋದವರು ತಿರುಗಿ ನಿಂತು, ನನಗೆ ಗುಟ್ಟು ಹೇಳುವಂತೆ ತಗ್ಗಿದ ದನಿಯಲ್ಲಿ ಹೇಳಿದರು:

"ವೈರ್‌ನ ಒಸಿ ಉದ್ದುಕ್ಕೇ ಬುಡಪ್ಪ. ಪಕ್ಕದಲ್ಲಿ ನನ್ ತಮ್ಮುಂದೂ ಹೊಲ ಅದೆ."

ಮೇಡಂ ಒಂದಿಷ್ಟು ಪಕ್ಕಕ್ಕೆ

ನಮ್ಮ ಎದುರಿಗೆ ಹತ್ತಿ ಹಿಂಜಿ ಹಾಸಿಗೆ ದಿಂಬು ಹೊಲಿಯುವ ಸಾಹೇಬರ ಅಂಗಡಿ. ಹತ್ತಿ ನೆನೆದರೆ ಅವರ ಕೆಲಸ ಕೆಟ್ಟಂತೆ. ಹಾಗಾಗಿ ಮಹಡಿಯ ಮೇಲೆ ಹತ್ತಿ ಹರಡುವ ಮುಂಚೆ ಅವರು ವರದಿ ನೋಡದೆ ಇರುತ್ತಿರಲಿಲ್ಲ, ಅದೂ ನಮ್ಮ ಅಂಗಡಿಯ ಟಿವಿಯಲ್ಲಿ.

ಕನ್ನಡ ವಾರ್ತೆಯಲ್ಲಿ ಒಂದು ತೊಂದರೆ ಇತ್ತು. ಹವಾಮಾನ ಹೇಳುವ ಹೆಣ್ಣುಮಗಳು ರಾಜ್ಯದ ನಕ್ಷೆಯ ಮುಂದೆ ನಿಂತುಕೊಂಡು ಬೀದರಿನಿಂದ ಕೈಯಾಡಿಸುತ್ತಾ ಕೆಳಗೆ ಬರುತ್ತಿದ್ದಳು. ಕೆಳಗೆ ಬಂದರೆ ನಮ್ಮ ಚಾಮರಾಜನಗರ ಜಿಲ್ಲೆ ಸರಿಯಾಗಿ ಅವಳ ಸೀರೆಯ ಹಿಂದೆ. ಒಂದು ದಿನವಾದರೂ ನಮ್ಮ ಜಿಲ್ಲೆ ಹೊರಗೆ ಬಂದದ್ದನ್ನು ನಾವು ಕಾಣಲಿಲ್ಲ.

"ತಮ್ಮಾ, ಆ ಮೇಡಂಗೆ ಒಂದಿಷ್ಟು ಪಕ್ಕಕ್ಕೆ ನಿಲ್ಲೋಕೆ ಹೇಳೋದಕ್ಕಾಗಲ್ವಾ?" ಅಂತ ಸಾಹೇಬರು ಬಹಳ ಮರ್ಯಾದೆಯಿಂದ ಕೇಳುತ್ತಿದ್ದರು.

ಆಗುವುದಿಲ್ಲ ಅಂದ ಮೇಲೆ ಅವರು ಮಲಯಾಳಂ ಚಾನೆಲ್ ಹಿಡಿದರು. ನಮ್ಮ ಮಳೆ ಬರುವುದೇ ವಯನಾಡಿನ ಕಡೆಯಿಂದ ತಾನೇ, ಅದು ನ್ಯಾಯವೇ. ಅಲ್ಲಿ ವಯನಾಡು ಮುಗಿದ ಕೂಡಲೇ ನಕ್ಷೆ ಖಾಲಿ. ತಮಿಳು ಚಾನೆಲ್ ಹಾಕಿಸಿದರು. ಅಲ್ಲಿ ನೀಲಗಿರಿ ಮುಗಿದ ಕೂಡಲೇ ಖಾಲಿ. ಸಾಹೇಬರು ಗಡ್ಡ ನೀವಿಕೊಂಡು ಯೋಚಿಸಿ ತೀರ್ಮಾನ ಹೇಳಿದರು: "ಮೂರು ರಾಜ್ಯದವರೂ ನಮ್ಮ ಹೆಸರು ಎತ್ತಲಿಲ್ಲ. ಅಂದ್ರೆ ನಮಗೆ ಇವತ್ತು ಏನೂ ಆಗಲ್ಲ."

ನೆಮ್ಮದಿಯಾಗಿ ಹತ್ತಿ ಹರಡಿ ಬಂದರು. ಮಳೆ ಬರಲಿಲ್ಲ, ಅವರ ಮಾತು ನಿಜವೇ. ಮಧ್ಯಾಹ್ನದ ಮೇಲೆ ಬಂಡೀಪುರದ ಕಡೆಯಿಂದ ಗಾಳಿ ಬಂತು. ಅದರ ಬಗ್ಗೆ ಮೂವರಲ್ಲಿ ಒಬ್ಬರೂ ಹೇಳಿರಲಿಲ್ಲ. ಬೀದಿಯವರೆಲ್ಲ ಸೇರಿ ಸೀರೆ ಸೆರಗಿನಲ್ಲಿ, ಟವಲಿನಲ್ಲಿ ಹತ್ತಿ ಹಿಡಿದು ಹಿಡಿದು ಸಾಹೇಬರಿಗೆ ತಂದುಕೊಟ್ಟೆವು. ಆದರೂ ಆ ಸಂಜೆ ನಮ್ಮ ಬೀದಿಯಲ್ಲಿ ಚಿಕ್ಕವರು ದೊಡ್ಡವರು ಅನ್ನದೆ ಎಲ್ಲರ ತಲೆಯೂ ನರೆತಿತ್ತು.

ಕಾರವಾರದ ಮಗಳು

ಅಂಗಡಿಯಲ್ಲಿ ಎಸ್‌ಟಿಡಿ ಫೋನೂ ಇತ್ತು. ಹಿಂದಿನ ಬೀದಿಯ ಒಬ್ಬ ಅಕ್ಕ ಮಗಳನ್ನು ಕಾರವಾರಕ್ಕೆ ಕೊಟ್ಟಿದ್ದರು. ಅಳಿಯನಿಗೆ ಅಲ್ಲಿ ಪೊಲೀಸ್ ಕೆಲಸ. ಆ ಅಕ್ಕನಿಗೆ ಗುಂಡ್ಲುಪೇಟೆಯ ಮಳೆ ಬಿಸಿಲು ಬೇಕಾಗಿರಲಿಲ್ಲ. ಕರಾವಳಿಯ ಸುದ್ದಿ ಬರುವವರೆಗೆ ಕಾದು, ಕೇಳಿ, ಗಾಬರಿಯಾಗಿ ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಓಡಿ ಬರುತ್ತಿದ್ದರು.

"ಭಾರಿ ಮಳೆಯಂತೆ ಕಣಮ್ಮಿ, ಸಮುದ್ರ ಉಕ್ತದಂತೆ. ಬಿರ್ನೆ ಫೋನ್ ಆಕು."

ತಂಗಿ ನಂಬರ್ ಒತ್ತಿ ಕೊಟ್ಟಳು. ಆ ಕಡೆಯ ಮಾತು ಅಂಗಡಿಗೆಲ್ಲ ಕೇಳುವಷ್ಟು ಜೋರು.

"ಮಳೆನಾ? ಇಲ್ಲ ಕಣವ್ವ. ಬಿಸ್ಲು ಸುಡ್ತಾ ಅದೆ."

ಅಕ್ಕ ಫೋನಿಗೆ ಕೈ ಅಡ್ಡ ಹಿಡಿದು ನಮಗೆ ಹೇಳಿದರು: "ನಾನ್ ಗಾಬ್ರಿ ಬೀಳ್ಬಾರ್ದು ಅಂತ ಸುಳ್ ಹೇಳ್ತಾ ಅವ್ಳೆ, ನನ್ ಕೂಸು." ಕಣ್ಣು ಒರೆಸಿಕೊಂಡು ಮತ್ತೆ ಫೋನಿಗೆ, "ಒಳ್ಗೇ ಇರು ಮಗ, ನೆನೀಬ್ಯಾಡ" ಅಂದರು.

"ನಂದಿರ್ಲಿ ಕಣವ್ವ. ಅಲ್ಲಿ ನಿಮ್ ಕಡೆ ಗುಡುಗು ಸಿಡ್ಲು ಅಂತ ಇಲ್ಲಿ ಟಿವಿಲಿ ತೋರುಸ್ತಾವ್ರೆ. ನೀನ್ ಯಾಕವ್ವ ಈಚೆಗ್ ಬಂದೆ?"

ನಮ್ಮ ಅಂಗಡಿಯ ಮುಂದೆ ನಾಯಿ ಕೂಡ ನೆರಳು ಬಿಟ್ಟು ಏಳದಂಥ ಬಿಸಿಲು. ಅಕ್ಕ ಅದನ್ನೊಮ್ಮೆ ನೋಡಿದರು. ಮಗಳ ದನಿಯಲ್ಲಿದ್ದ ಆತಂಕವನ್ನು ಕಳೆದುಕೊಳ್ಳಲು ಅವರಿಗೆ ಮನಸ್ಸು ಬರಲಿಲ್ಲವೋ ಏನೋ. "ಹೂಂ ಕಣಮ್ಮಿ, ಛತ್ರಿ ತಂದಿವ್ನಿ" ಅಂದುಬಿಟ್ಟರು.

ಎರಡು ಊರಲ್ಲೂ ರಣಬಿಸಿಲು, ಫೋನಿನಲ್ಲಿ ಮಾತ್ರ ಜಡಿಮಳೆ.

ವರದಿ ನಿಜವಾದ ದಿನ

ವರದಿ ಯಾವತ್ತೂ ನಿಜವಾಗಲೇ ಇಲ್ಲ ಅಂದರೆ ತಪ್ಪಾಗುತ್ತದೆ. ಆಗುತ್ತಿತ್ತು. ಆದರೆ ಮಳೆ ಹನಿ ಬಿದ್ದ ಕೂಡಲೇ ನಮ್ಮಲ್ಲಿ ಮೊದಲು ಹೋಗುವುದು ಕರೆಂಟು, ಅದರ ಹಿಂದೆಯೇ ಕೇಬಲ್ಲು. ಹಾಗಾಗಿ ಟಿವಿಯ ಮಾತು ನಿಜವಾದದ್ದನ್ನು ಟಿವಿಯಲ್ಲಿ ಕಂಡ ಪುಣ್ಯವಂತರು ಊರಲ್ಲಿ ಯಾರೂ ಇರಲಿಲ್ಲ.

ಅಂಥದೇ ಒಂದು ಮಳೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದರು. "ಏನಯ್ಯಾ, ಟಿವಿ ಬರ್ತಿಲ್ಲ. ಹವಾಮಾನ ನೋಡಬೇಕಾಗಿತ್ತು."

"ಮಳೆ ಹುಯ್ತಾ ಅದೆಯಲ್ಲ ಮೇಷ್ಟ್ರೇ, ಕೇಳ್ತಿಲ್ವಾ?"

"ಅದು ನನಗೂ ಕೇಳ್ತಿದೆ ಕಣಯ್ಯಾ. ಟಿವಿಯವರಿಗೆ ಗೊತ್ತಾಯ್ತೋ ಇಲ್ವೋ ಅಂತ ನೋಡಬೇಕಾಗಿತ್ತು."

ಉಮ್ಮತ್ತೂರಿನವರು

ಇನ್ನು ನಮ್ಮ ಮನೆಯದು. ಹುಡುಗನ ಅಪ್ಪ ಕಂದಾಯ ಇಲಾಖೆಯಲ್ಲಿದ್ದು ನಿವೃತ್ತರಾದವರು. ಟಿವಿಯಲ್ಲಿ ಹೇಳಿದ್ದು ಅಂದರೆ ಅವರಿಗೆ ಸರ್ಕಾರಿ ಆದೇಶ. ಮೊದಲ ಸಲ ಬರುವುದಾಗಿ ಹೇಳಿ, ಹಿಂದಿನ ದಿನ ಫೋನ್ ಮಾಡಿದರು. "ನಾಳೆ ಭಾರಿ ಮಳೆ ಅಂತ ಹೇಳವ್ರೆ. ಮುಂದಿನ ಭಾನುವಾರ ನೋಡನ." ಅವರು ಬರಬೇಕಿದ್ದ ಭಾನುವಾರ ಒಂದು ಹನಿ ಬೀಳಲಿಲ್ಲ. ಅವ್ವ ಕರಿದಿಟ್ಟ ಕೋಡುಬಳೆ, ಕಜ್ಜಾಯವನ್ನು ವಾರವೆಲ್ಲ ನಾವೇ ತಿಂದೆವು.

ಎರಡನೇ ಸಲವೂ ಅದೇ ಫೋನು, ಅದೇ ಬಿಸಿಲು, ಅದೇ ಕೋಡುಬಳೆ.

ಬೀದಿಯಲ್ಲಿ ಮಾತು ಶುರುವಾಯಿತು. ಬರುವವರು ಯಾಕೆ ಬರುತ್ತಿಲ್ಲ, ಹುಡುಗಿಯದೇ ಏನೋ ಇರಬೇಕು ಅಂತ. ಅವ್ವ ದೇವರ ಮುಂದೆ ಕೂತು ಅತ್ತಳು. ತಂಗಿ ಅಳಲಿಲ್ಲ. ಆದರೆ ಅಂಗಡಿಗೆ ಬಂದವರ ಮೇಲೆ ಮಾತು ಬಿಸಾಡುವುದನ್ನು ನಿಲ್ಲಿಸಿಬಿಟ್ಟಳು. ಯಾರು ಏನು ಬೈದರೂ "ಹೂಂ, ಹೇಳ್ತೀನಿ" ಅಷ್ಟೇ. ಅವಳ ಬಾಯಿಗೆ ಹೆದರುತ್ತಿದ್ದ ನನಗೆ ಅವಳ ಮೌನ ತಡೆಯಲಾಗಲಿಲ್ಲ.

"ಬ್ಯಾಡ ಅನ್ನಕ್ಕೆ ಜನ ಏನೇನೋ ನೆಪ ಉಡುಕ್ತಾರೆ ಕಣಣ್ಣ," ಅಂದಳು ಒಂದು ದಿನ. "ಇವ್ರಿಗೆ ಮೋಡ ಸಿಕ್ಬುಡ್ತು."

ಮೂರನೇ ಭಾನುವಾರ ಬೆಳಿಗ್ಗೆಯೇ ಫೋನು. "ಇವತ್ತು ಒಣಹವೆ ಅಂತ ಹೇಳವ್ರೆ. ಒರಟ್ವಿ. ಅಲ್ಲಿ ಎಂಗದೆ?" ನಾನು ಹೊರಗೆ ನೋಡಿದೆ. ಗೋಪಾಲಸ್ವಾಮಿ ಬೆಟ್ಟದ ಕಡೆ ಆಕಾಶ ಕಪ್ಪುಗಟ್ಟಿ ನಿಂತಿತ್ತು. ಏನು ಹೇಳಲಿ ಅಂತ ತಡವರಿಸುವಷ್ಟರಲ್ಲಿ ಅವ್ವ ಫೋನು ಕಿತ್ತುಕೊಂಡು, "ಬನ್ನಿ ಅಣ್ಣಾ, ಬನ್ನಿ. ಬಿಸ್ಲಿಗೆ ಕಣ್ ಬುಡಕ್ಕಾಯ್ತಿಲ್ಲ ಇಲ್ಲಿ" ಅಂದಳು. ಜೀವಮಾನದಲ್ಲಿ ಸುಳ್ಳಾಡದ ಅವ್ವ!

ಅವರ ಬಸ್ಸು ಬರುವ ಹೊತ್ತಿಗೆ ಮಳೆ ಹಿಡಿಯಿತು. ಬಿಡಲೇ ಇಲ್ಲ. ಕಾದು ಕಾದು ಅವ್ವ, "ಇನ್ನೆಲ್ಲಿ ಬಂದಾರು, ತೆರಕಣಾಂಬಿಲೇ ಇಳ್ದು ವಾಪಸ್ ಓಗಿರ್ತಾರೆ" ಅಂದಳು. ತಂಗಿ ಒಳಗೆ ಹೋಗಿ ರೇಷ್ಮೆ ಸೀರೆ ಬಿಚ್ಚಿಟ್ಟು, ಹಳೇ ಸೀರೆ ಉಟ್ಟು, ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಅಂಗಡಿಗೆ ಬಂದಳು. ಅಂಗಡಿಯ ತಗಡು ಸೋರುತ್ತಿತ್ತು. ನಾನು ಏಣಿ ಹತ್ತಿ, ಕೇಬಲ್ ಮೆಷಿನ್ನಿನ ಮೇಲೆ ನೀರು ಬೀಳದಂತೆ ಪ್ಲಾಸ್ಟಿಕ್ ಹಾಳೆಯನ್ನು ಎರಡು ಕೈಯಲ್ಲೂ ಎತ್ತಿ ಹಿಡಿದು ನಿಂತಿದ್ದೆ. ಅವಳು ಪೊರಕೆ ಹಿಡಿದು ನೀರು ಗುಡಿಸಿ ಆಚೆ ತಳ್ಳುತ್ತಿದ್ದಳು.

ಆಗ ತೊಟ್ಟಿಕ್ಕುತ್ತಾ ಇಬ್ಬರು ವಯಸ್ಸಾದವರು ಒಳಗೆ ನುಗ್ಗಿದರು, ಗಂಡ ಹೆಂಡತಿ. ಗಂಡಸು ನಿಂತವರೇ, "ಟಿವಿಲಿ ಒಣಹವೆ ಅಂತ ಹೇಳಿದ್ರು!" ಅಂದರು.

ಆ ದನಿ ನನಗೆ ಗೊತ್ತಾಯಿತು. ಮೂರು ವಾರದಿಂದ ಫೋನಿನಲ್ಲಿ ಕೇಳಿದ ದನಿ. ತಂಗಿಗೆ ಗೊತ್ತಿರಲಿಲ್ಲ. ಇವರೂ ದೂರು ಹೇಳಲು ಬಂದವರೇ ಅಂದುಕೊಂಡಳು. ಇಷ್ಟು ದಿನ ತಡೆದಿಟ್ಟ ಮಾತೆಲ್ಲ ಒಮ್ಮೆಗೇ ಕಟ್ಟೆ ಒಡೆಯಿತು.

"ಹೇಳಿರ್ತಾರೆ. ಅವ್ರು ಹೇಳುದ್ರು ಅಂತ ಛತ್ರಿ ಬುಟ್ ಬಂದೋರು ನೀವು. ತಲೆ ಮೇಲೆ ಇಷ್ಟ್ ದೊಡ್ಡ ಆಕಾಶ ಅದೆ, ಒಂದ್ಸಲ ಕತ್ತೆತ್ತಿ ನೋಡ್ಬಾರ್ದಾ?" ಅನ್ನುತ್ತಲೇ ಒಣ ಟವಲ್ ತಂದು ಆ ತಾಯಿಯ ತಲೆ ಒರೆಸತೊಡಗಿದಳು. "ಪಾಪ, ಈ ಅಮ್ಮುನ್ನೂ ನೆನ್ಸ್ಬುಟ್ರಿ."

ನಾನು ಏಣಿಯ ಮೇಲಿಂದ ಕೆಮ್ಮಿದೆ. "ಅಣ್ಣ, ನೆಗಡಿ ಆಯ್ತಾ?" ಅಂದಳು. ಕಣ್ಣು ಮಿಟುಕಿಸಿದೆ. "ಕಣ್ಗೆ ಕಸ ಬಿತ್ತಾ?" ಅಂದಳು. ಕೈ ಬಿಟ್ಟು ಸನ್ನೆ ಮಾಡೋಣ ಅಂದರೆ ಹಾಳೆಯಲ್ಲಿ ಕೊಡಗಟ್ಟಲೆ ನೀರು ನಿಂತಿತ್ತು, ಹುಡುಗನ ಅಪ್ಪ ಸರಿಯಾಗಿ ಅದರ ಕೆಳಗೇ ನಿಂತಿದ್ದರು.

"ನಿಮ್ದೇ ವಾಸಿ ಬುಡಿ," ಅವಳು ಮುಂದುವರಿಸಿದಳು. "ಉಮ್ಮತ್ತೂರ್‌ನಲ್ಲಿ ಒಬ್ರವ್ರೆ. ಟಿವಿ ನೋಡ್ಕಂಡ್ ನೋಡ್ಕಂಡೇ ಮಗುನ್ ಮದ್ವೆ ಮುಂದಕ್ ಆಕ್ತಾವ್ರೆ. ಈ ಮಳೆಗಾಲ ಮುಗಿಯೋ ಒತ್ಗೆ ಆ ಹುಡುಗುನ್ ತಲೆ ಬೋಳಾಗಿರ್ತದೆ!"

"ಉಮ್ಮತ್ತೂರಾ?" ಅಂದರು ಹಿರಿಯರು.

ನನ್ನ ಕೈ ತಾನಾಗಿಯೇ ಬಿಟ್ಟುಹೋಯಿತು. ಅವರ ಮೈಮೇಲೆ ಒಣಗಿದ್ದ ಜಾಗ ಏನಾದರೂ ಉಳಿದಿದ್ದರೆ ಅದೂ ನೆನೆಯಿತು. ಅದೇ ಹೊತ್ತಿಗೆ ಹಣ್ಣಿನ ಚೀಲ ಹಿಡಿದ ಹುಡುಗ ಓಡಿ ಬಂದು ಬಾಗಿಲಲ್ಲಿ ನಿಂತ. ತಂಗಿ ಅವನನ್ನು ನೋಡಿದಳು, ಅವನ ಅಪ್ಪನನ್ನು ನೋಡಿದಳು, ಪೊರಕೆ ಬಿಟ್ಟು ಒಳಗೆ ಓಡಿದಳು.

ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಆ ತಾಯಿ ಟವಲನ್ನು ಬಾಯಿಗೆ ಒತ್ತಿ ಹಿಡಿದು ನಗುವುದಕ್ಕೆ ಶುರುಮಾಡಿದರು. "ಮದ್ವೆ ಆದಾಗ್ಲಿಂದ ನಾನ್ ಯೋಳಕ್ಕಾಗ್ದೆ ಇದ್ದುದ್ದ ಈ ಮಗ ಒಂದೇ ಉಸ್ರುಗೆ ಯೋಳ್ಬುಡ್ತಲ್ಲಾ! ನಂಗಿವ್ಳೇ ಸೊಸೆ ಆಗ್ಬೇಕು." ಬಾಗಿಲ ಮರೆಯಲ್ಲಿದ್ದ ಅವ್ವ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಅಳುವೋ ನಗುವೋ ನನಗೆ ತಿಳಿಯಲಿಲ್ಲ.

ಎಲ್ಲರೂ ಹಿರಿಯರ ಕಡೆ ನೋಡಿದೆವು. ಅವರು ಮುಖದ ನೀರು ಒರೆಸಿಕೊಂಡು ಒಳಗಿನ ಬಾಗಿಲಿಗೆ ಕೇಳುವಂತೆ, ಗಂಭೀರವಾಗಿ ಕೇಳಿದರು: "ಈ ಮಳೆ ಯಾವಾಗ ನಿಲ್ತದೆ, ತಾಯಿ?"

ಒಳಗಿಂದ ಸಣ್ಣ ದನಿ ಬಂತು. "ಇನ್ನೇನು, ನಿಂತೋಯ್ತದೆ."

"ಟಿವಿಲಿ ಹೇಳುದ್ರಾ?"

"ಇಲ್ಲ. ನಾನ್ ಹೇಳ್ತಿವ್ನಿ."

"ಅಂಗಾರ್ ಸರಿ" ಅಂದು ಅವರು ಕುರ್ಚಿ ಎಳೆದುಕೊಂಡು ಕೂತರು.

ಕೋಡುಬಳೆ ಖಾಲಿಯಾಯಿತು. ಕಾಫಿ ಮೇಲೆ ಕಾಫಿ ಆಯಿತು. ಲಗ್ನದ ಮಾತು, ತಾಂಬೂಲ ಎಲ್ಲ ಮುಗಿದು, ಉಮ್ಮತ್ತೂರಿನ ಕಡೆಯ ಬಸ್ಸುಗಳೂ ಒಂದೊಂದಾಗಿ ಹೋದವು. ಮಳೆ ಹುಯ್ಯುತ್ತಲೇ ಇತ್ತು. ಹಿರಿಯರು ಅಲುಗಾಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಕೊನೆಗೂ ಅದು ದಣಿದು ನಿಂತಾಗ, ಹೆಂಡತಿಯ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದರು:

"ನೋಡ್ದಾ? ಸೊಸೆ ಹೇಳ್ದಂಗೇ ನಿಂತೋಯ್ತು."