ವಕೀಲರ ಪ್ರವೇಶ ಪರೀಕ್ಷೆ

"ಅರ್ಧ ಗಂಟೆ ಸಾಕು! ಉಳಿದ ಅರ್ಧ ಗಂಟೇಲಿ ಪ್ರಶ್ನೆಪತ್ರಿಕೆಯ ತಪ್ಪುಗಳನ್ನೂ ತಿದ್ದಿಕೊಡ್ತೀನಿ!"

ವಕೀಲರು ಹೀಗೆ ಗುಡುಗಿದ್ದು ಕೋರ್ಟಿನಲ್ಲಲ್ಲ, ಅಡುಗೆಮನೆಯ ಮೇಜಿನ ಮುಂದೆ. ಕಾನೂನು ಕಾಲೇಜುಗಳ ಸಾಮಾನ್ಯ ಪ್ರವೇಶ ಪರೀಕ್ಷೆಗೆ ಒಲ್ಲದ ಮನಸ್ಸಿನಿಂದ ಓದುತ್ತಿದ್ದ ಮಗಳು ಮಾದರಿ ಪರೀಕ್ಷೆಯಲ್ಲಿ ನಲವತ್ತಕ್ಕೆ ಇಪ್ಪತ್ತು ತಂದಿದ್ದಳು. ಅವಳ ಜೀವವೆಲ್ಲ ಇದ್ದದ್ದು ಭೂವಿಜ್ಞಾನದಲ್ಲಿ. "ಕಲ್ಲು ನೋಡೋಕೆ ಕಾಲೇಜು ಬೇಕಾ? ಕಿಟಕಿ ತೆಗೆದ್ರೆ ಸಾಲದಾ?" ಎಂಬುದು ಅಪ್ಪನ ವಾದ. ವಾದ ಮಾಡಿ ಸುಮ್ಮನಿರುವ ಆಸಾಮಿಯೇ? 'ವಕೀಲರು ಮತ್ತು ಮಗಳು' ಎಂದು ಬೋರ್ಡನ್ನೂ ಬರೆಸಿ, ಮಂಚದ ಕೆಳಗೆ ಬಚ್ಚಿಟ್ಟಿದ್ದರು. ದಿನಾ ಕಸ ಗುಡಿಸುವ ಮನೆಯಲ್ಲಿ ಅದು ಗುಟ್ಟಾಗಿ ಉಳಿಯುವುದುಂಟೇ!

"ಹಾಗಾದ್ರೆ ನೀವೇ ಬರೀರಿ ಅಪ್ಪಾ. ನನಗಿಂತ ಹೆಚ್ಚು ಬಂದ್ರೆ ತುಟಿ ಪಿಟಕ್ಕೆನ್ನದೆ ಲಾ ಓದ್ತೀನಿ. ಕಡಿಮೆ ಬಂದ್ರೆ?"

"ಬಂದ್ರೆ ಹೋಗು, ಕಲ್ಲೇ ಓದ್ಕೋ!"

ಗಣಿತದ ಟೀಚರಾದ ಹೆಂಡತಿ ಫೋನು ಕಿತ್ತುಕೊಂಡು ಎಚ್ಚರಿಸಿದರು: "ತಪ್ಪಾದ್ರೆ ಕಾಲು ಅಂಕ ಕಟ್. ಗೊತ್ತಿಲ್ಲದ್ದನ್ನ ಬಿಟ್ಬಿಡಿ."

"ಗೊತ್ತಿಲ್ಲದ್ದಾ? ನನಗಾ?"

ಗೊತ್ತಿರಲಿ ಬಿಡಲಿ, ಕೇಳಿದ್ದಕ್ಕೆ ಉತ್ತರ ಹೇಳದೆ ಬಿಟ್ಟ ದಾಖಲೆ ವಕೀಲರ ಜನ್ಮದಲ್ಲೇ ಇರಲಿಲ್ಲ. ಅವರ ವೃತ್ತಿ ನಡೆಯುತ್ತಿದ್ದದ್ದೇ ಹಾಗೆ. ನಲವತ್ತು ಪ್ರಶ್ನೆಗೂ ಉತ್ತರ ಗೀಚಿ, ಮೀಸೆ ತಿರುವುತ್ತಾ ಎದ್ದರು.

ಹೆಂಡತಿಯ ಕೆಂಪು ಪೆನ್ನು ಓಡಿತು. "ಮೈನಸ್ ಒಂದೂಕಾಲು."

"ಏನು?"

"ಏಳು ಸರಿ, ಮಿಕ್ಕಿದ್ದೆಲ್ಲ ತಪ್ಪು. ಖಾಲಿ ಹಾಳೆ ಕೊಟ್ಟಿದ್ರೆ ಇದಕ್ಕಿಂತ ಹೆಚ್ಚು ಬರ್ತಿತ್ತು ರೀ!"

ವಕೀಲರು ಹಾಳೆ ಕಸಿದುಕೊಂಡರು. ಬಾಯಿಮಾತಿನ ಒಪ್ಪಂದಕ್ಕೆ ಬೆಲೆ ಇದೆಯೇ ಎಂಬ ಪ್ರಶ್ನೆ. ಇದೆ ಎಂದು ಬರೆದಿದ್ದರು. ಅದಕ್ಕೂ ಕಾಟು!

"ಮೇಲೆ ಒಂದು ನಿಯಮ ಕೊಟ್ಟಿದ್ದಾರೆ ಅಪ್ಪಾ, ಬರವಣಿಗೆಯಲ್ಲಿ ಇಲ್ಲದ ಒಪ್ಪಂದ ನಡೆಯಲ್ಲ ಅಂತ," ಎಂದಳು ಮಗಳು. "ಅದು ತಪ್ಪೇ ಇದ್ರೂ ಅದನ್ನೇ ನಂಬಿ ಬರೀಬೇಕು. ಕಾನೂನು ಗೊತ್ತಾ ಅಂತ ಅವರು ಕೇಳೋದೇ ಇಲ್ಲ."

"ಕಾನೂನು ಕಾಲೇಜಿಗೆ ಕಾನೂನು ಗೊತ್ತಿಲ್ಲದವರೇ ಬೇಕಾ!" ಮೇಜು ಗುದ್ದಿದ ರಭಸಕ್ಕೆ ಲೋಟ ಹಾರಿತು. "ಬಾಯಿಮಾತೂ ಒಪ್ಪಂದವೇ! ಆಡಿದ ಮಾತಿಗೆ ಮನುಷ್ಯ ಕಟ್ಟುಬೀಳಲೇಬೇಕು! ಯಾವ ಜಡ್ಜ್ ಮುಂದೆ ಬೇಕಾದ್ರೂ ಹೇಳ್ತೀನಿ!"

ಅಷ್ಟರಲ್ಲಿ ಮಗಳು ಮಂಚದ ಕೆಳಗಿನ ಬೋರ್ಡು ಎಳೆದು ತಂದಿದ್ದಳು. "ಅಪ್ಪಾ, 'ಮತ್ತು ಮಗಳು' ಅಳಿಸೋಕೆ ಸೀಮೆಎಣ್ಣೆ ಎಲ್ಲಿದೆ?"

ವಕೀಲರು ಬೋರ್ಡಿಗೆ ಅಡ್ಡ ನಿಂತರು. "ಯಾಕೆ? ಪಂದ್ಯ ಅಂತಾನಾ? ಬರವಣಿಗೆಯಲ್ಲಿದೆಯಾ? ಬರೀ ಬಾಯಿಮಾತು!"

ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತು. ಮಗಳ ಮುಖ ಸಪ್ಪಗಾಯಿತು. ಹೆಂಡತಿ ನಿಧಾನವಾಗಿ ಪೆನ್ನಿನ ಮುಚ್ಚಳ ತೆಗೆದರು.

"ಬಾಯಿಮಾತು ನಡೆಯಲ್ಲ ಅಂದ್ರೆ ನಿಮ್ಮ ಉತ್ತರ ತಪ್ಪು, ಕಾಟು ಹಾಗೇ ಇರತ್ತೆ. ನಡೆಯತ್ತೆ ಅಂದ್ರೆ ಅಂಕ ನಿಮಗೆ, ಮಗಳು ಭೂವಿಜ್ಞಾನಕ್ಕೆ. ಯಾವುದು ಬೇಕು?"

ವಕೀಲರು ಬೋರ್ಡು ನೋಡಿದರು, ಮಗಳನ್ನು ನೋಡಿದರು. ಸಂಕಟವಾಯಿತು. ಆಮೇಲೆ ಆ ಕೆಂಪು ಕಾಟನ್ನು ನೋಡಿದರು. ಅದನ್ನು ಮಾತ್ರ ಸಹಿಸಲಾಗಲಿಲ್ಲ.

"ಅಂಕ ಕೊಡು," ಎಂದರು, ಸಣ್ಣ ದನಿಯಲ್ಲಿ.

ಮಗಳು ಸೀಮೆಎಣ್ಣೆ ಹುಡುಕಲು ಓಡಿದಳು. ಹೆಂಡತಿ ಕೂಡಿದರು. "ಒಂದು ಅಂಕ ಬಂತು. ಕತ್ತರಿಸಿದ್ದ ಕಾಲೂ ವಾಪಸ್ಸು. ಈಗ ಒಟ್ಟು..."

"ಎಷ್ಟು?" ವಕೀಲರು ಆಸೆಯಿಂದ ಬಗ್ಗಿದರು.

"ಸೊನ್ನೆ."